ಥ್ರೆಡ್ ಎಣಿಸಬೇಡಿ, ಕೋರ್ ಎಣಿಸಿ: ಸ್ಪಾರ್ಕ್ ಡೊಮೇನ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ‘ಒರಾಕಲ್ ವಿಎಂ ಸರ್ವರ್ ಫಾರ್ ಸ್ಪಾರ್ಕ್’ ಕುರಿತವು. ಸ್ಪಾರ್ಕ್ ಚಿಪ್‌ನ ಒಂದು ಸರ್ವರನ್ನು ಹಲವು ಸ್ವತಂತ್ರ ಯಂತ್ರಗಳಾಗಿ, ಅಂದರೆ ‘ಡೊಮೇನ್’ಗಳಾಗಿ, ಒಡೆಯುವ ತಂತ್ರಾಂಶ ಅದು. 2007ರಲ್ಲಿ ಸನ್ ಕಂಪನಿ ಲಾಜಿಕಲ್ ಡೊಮೇನ್ಸ್ ಎಂಬ ಹೆಸರಿನಲ್ಲಿ ತಂದದ್ದೇ ಇದು. ಹಳಬರ ಬಾಯಲ್ಲಿ ಇಂದಿಗೂ ‘ಎಲ್‌ಡಾಮ್’. ಉತ್ತರಗಳು ಟಿ4 ಮತ್ತು ಟಿ5 ಸರ್ವರ್‌ಗಳನ್ನು, ಅವುಗಳ ಮೇಲಿನ ಸೊಲಾರಿಸ್ 11 ಆಪರೇಟಿಂಗ್ ಸಿಸ್ಟಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಪ್ರಶ್ನೆ: ನಾನು ವಿಎಂವೇರ್ ಕಡೆಯಿಂದ ಬಂದವನು. ಅಲ್ಲಿ ಒಂದು ಕೋರ್‌ಗೆ ನಾಲ್ಕು ವರ್ಚುವಲ್ ಸಿಪಿಯು ಲೆಕ್ಕದಲ್ಲಿ ಧಾರಾಳವಾಗಿ ಕೊಡುತ್ತಿದ್ದೆವು. ಈಗ ಕೈಗೆ ಬಂದಿರುವ ಟಿ4-2ರಲ್ಲಿ 128 ಸಿಪಿಯು ಕಾಣುತ್ತಿವೆ. ಅದನ್ನೇ 300–400 ಮಾಡಿ ಹಂಚಬಹುದೇ? — ಒಬ್ಬ ಓದುಗರು, ಬೆಂಗಳೂರು

ಆಗುವುದಿಲ್ಲ. ಇನ್ನೂ ಒಂದು ಮಾತು: ಆ 128 ಕೂಡ ನಿಮ್ಮ ಲೆಕ್ಕದ ಅಂಕಿ ಅಲ್ಲ. ಟಿ4-2ರಲ್ಲಿ ಎರಡು ಚಿಪ್, ಚಿಪ್‌ಗೆ 8 ಕೋರ್ (ನಿಜವಾಗಿ ಲೆಕ್ಕ ಮಾಡುವ ಘಟಕ), ಕೋರ್‌ಗೆ 8 ಥ್ರೆಡ್ (ಆ ಕೋರನ್ನು ಹಂಚಿಕೊಂಡು ಓಡುವ ಕೆಲಸದ ಸಾಲು). ನೀವು ಹಂಚಬೇಕಾದದ್ದು 16 ಕೋರ್‌ಗಳನ್ನು.

ವಿಎಂವೇರ್‌ನ ಇಎಸ್‌ಎಕ್ಸ್ ಆಗಲಿ ಲಿನಕ್ಸ್‌ನ ಕೆವಿಎಂ ಆಗಲಿ, ಒಂದೇ ಕೋರ್ ಮೇಲೆ ಹಲವು ಗೆಸ್ಟ್‌ಗಳನ್ನು (ವರ್ಚುವಲ್ ಯಂತ್ರಗಳನ್ನು) ಸರದಿ ಪ್ರಕಾರ ಓಡಿಸುತ್ತವೆ. ಸ್ಪಾರ್ಕ್ ಹೈಪರ್ವೈಸರ್‌ಗೆ (ಯಂತ್ರವನ್ನು ಡೊಮೇನ್‌ಗಳಿಗೆ ಹಂಚುವ ತಳದ ತಂತ್ರಾಂಶಕ್ಕೆ) ಆ ಸರದಿಯ ಕೆಲಸವೇ ಇಲ್ಲ. ಒಂದು ಹಾರ್ಡ್‌ವೇರ್ ಥ್ರೆಡ್ಡನ್ನು ಒಂದು ಡೊಮೇನ್‌ಗೆ ಕೊಟ್ಟರೆ ಅದು ಪೂರ್ತಿ ಅದರದ್ದೇ. ಬಡಾವಣೆಯಲ್ಲಿ ಸೈಟು ಹಂಚಿದ ಹಾಗೆ: ಒಬ್ಬರ ಹೆಸರಿಗೆ ಬರೆದದ್ದು ಖಾಲಿ ಬಿದ್ದಿದ್ದರೂ ಪಕ್ಕದವರು ಅಲ್ಲಿ ಮನೆ ಕಟ್ಟುವಂತಿಲ್ಲ. ಮೆಮೊರಿಗೂ ಇದೇ ನಿಯಮ. ಬಲೂನಿಂಗ್ (ಒಬ್ಬರ ಖಾಲಿ ಮೆಮೊರಿಯನ್ನು ಓಡುತ್ತಿರುವಾಗಲೇ ಇನ್ನೊಬ್ಬರಿಗೆ ಜಾರಿಸುವುದು) ಇಲ್ಲ, ಇದ್ದದ್ದಕ್ಕಿಂತ ಹೆಚ್ಚು ಹಂಚುವ ಉಪಾಯ ಇಲ್ಲ. ಇದಕ್ಕೆ ಪ್ರತಿಯಾಗಿ ಸಿಗುವ ಲಾಭವೂ ಸಣ್ಣದಲ್ಲ. ಪಕ್ಕದ ಡೊಮೇನ್ ಹುಚ್ಚೆದ್ದು ಓಡಿದರೂ ನಿಮ್ಮ ಸಿಪಿಯು ಸಮಯ ಕದ್ದುಹೋಗುವುದಿಲ್ಲ.

ಥ್ರೆಡ್ ಲೆಕ್ಕದಲ್ಲಿ ಹಂಚಿದರೆ ಆಗುವ ಎಡವಟ್ಟು ನೋಡಿ. ಮೂರು ಡೊಮೇನ್‌ಗಳಿಗೆ ‘ಎಲ್‌ಡಿಎಂ ಸೆಟ್-ವಿಸಿಪಿಯು 12’ ಎಂದು (ಎಲ್‌ಡಿಎಂ ಅಂದರೆ ಡೊಮೇನ್‌ಗಳನ್ನು ನಡೆಸುವ ಆದೇಶ, ವಿಸಿಪಿಯು ಅಂದರೆ ಒಂದು ಥ್ರೆಡ್) ಕೊಟ್ಟಿರಿ ಎನ್ನೋಣ. 12 ಅಂದರೆ ಒಂದೂವರೆ ಕೋರ್. ಮೊದಲ ಎರಡು ಡೊಮೇನ್‌ಗಳು ಒಂದು ಕೋರನ್ನು ಅರ್ಧರ್ಧ ಹಂಚಿಕೊಂಡು ಕೂರುವ ಸಾಧ್ಯತೆ ಜಾಸ್ತಿ. ಟಿ4 ಕೋರ್‌ನಲ್ಲಿ ಮೊದಲ ಹಂತದ ಡೇಟಾ ಕ್ಯಾಶ್ (ಚಿಪ್‌ನೊಳಗಿನ ವೇಗದ ಸಣ್ಣ ಮೆಮೊರಿ) 16 ಕೆಬಿ, ಎರಡನೆಯ ಹಂತದ್ದು 128 ಕೆಬಿ. ಎರಡು ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಆ 128 ಕೆಬಿಯಲ್ಲಿ ಒಂದರ ಡೇಟಾವನ್ನು ಇನ್ನೊಂದು ಹೊರದಬ್ಬುತ್ತಿರುತ್ತವೆ. ಎರಡೂ ಕಡೆಯ ಅಡ್ಮಿನ್‌ಗಳಿಗೆ ಕಾಣುವುದು ಒಂದೇ: ಕಾರಣವಿಲ್ಲದ ನಿಧಾನ. ಯಾವ ಉಪಕರಣವೂ ಇದನ್ನು ನೇರವಾಗಿ ಬೆರಳಿಟ್ಟು ತೋರಿಸುವುದಿಲ್ಲ. ಆದ್ದರಿಂದ ‘ಸೆಟ್-ವಿಸಿಪಿಯು’ ಮರೆತು ‘ಸೆಟ್-ಕೋರ್’ ಬಳಸಿ.

ಇನ್ನೂ ಸಣ್ಣ ತುಂಡುಗಳು ಬೇಕೇ ಬೇಕು ಎಂದರೆ ಒಂದು ಡೊಮೇನ್‌ನ ಒಳಗೆ ಸೊಲಾರಿಸ್ ಝೋನ್‌ಗಳನ್ನು (ಒಂದೇ ಓಎಸ್ ಹಂಚಿಕೊಂಡ ಪ್ರತ್ಯೇಕ ಕೋಣೆಗಳನ್ನು) ಮಾಡಿ. ಅಲ್ಲಿ ಫೇರ್ ಶೇರ್ ಶೆಡ್ಯೂಲರ್ ಹಾಕಿ ಸಿಪಿಯುವನ್ನು ಪಾಲಿನ ಲೆಕ್ಕದಲ್ಲಿ ಹಂಚಬಹುದು. ನೀವು ವಿಎಂವೇರ್‌ನಲ್ಲಿ ಮಾಡುತ್ತಿದ್ದ ಧಾರಾಳಕ್ಕೆ ಇಲ್ಲಿ ಜಾಗ ಅದೇ.

ಪ್ರಶ್ನೆ: ಟಿ5-2 ಸರ್ವರ್, 512 ಜಿಬಿ ಮೆಮೊರಿ. ಒಂದು ಒರಾಕಲ್ ಡೇಟಾಬೇಸ್ (ಹಂಚಿಕೆಯ ಮೆಮೊರಿ, ಅಂದರೆ ಎಸ್‌ಜಿಎ, 128 ಜಿಬಿ; ಪ್ರಕ್ರಿಯೆಗಳ ಸ್ವಂತ ಮೆಮೊರಿ, ಅಂದರೆ ಪಿಜಿಎ, 32 ಜಿಬಿ), ಎರಡು ಅಪ್ಲಿಕೇಶನ್ ಸರ್ವರ್, ಒಂದು ಪರೀಕ್ಷಾ ಡೊಮೇನ್ ಬೇಕು. ಡಿಸ್ಕ್‌ಗಳೆಲ್ಲ ಸ್ಯಾನ್‌ನಲ್ಲಿವೆ (ನೆಟ್‌ವರ್ಕ್ ಮೇಲಿನ ಹೊರಗಿನ ಡಿಸ್ಕ್ ಸಂಗ್ರಹದಲ್ಲಿ). ಎಲ್ಲಿಂದ ಶುರು ಮಾಡುವುದು? — ಹುಬ್ಬಳ್ಳಿಯ ಓದುಗರು

ಕಾಗದದಿಂದ. ಕೀಬೋರ್ಡ್ ಆಮೇಲೆ. ಟಿ5-2ರಲ್ಲಿ ಎರಡು ಸಾಕೆಟ್ (ಚಿಪ್ ಕೂರುವ ಜಾಗ), ಸಾಕೆಟ್‌ಗೆ 16 ಕೋರ್, ಒಟ್ಟು 32. ಮೆಮೊರಿ ಎರಡೂ ಕಡೆ ಸಮನಾಗಿ ತುಂಬಿದ್ದರೆ ಸಾಕೆಟ್‌ಗೆ 256 ಜಿಬಿ. ಹಾಳೆಯ ಮೇಲೆ ಎರಡು ಚೌಕ ಬರೆದು, ಯಾವ ಡೊಮೇನ್ ಯಾವ ಚೌಕದಲ್ಲಿ ಎಂದು ಮೊದಲು ತೀರ್ಮಾನಿಸಿ. ಒಂದು ಡೊಮೇನ್‌ನ ಕೋರ್ ಒಂದು ಸಾಕೆಟ್‌ನಲ್ಲಿ, ಮೆಮೊರಿ ಇನ್ನೊಂದರಲ್ಲಿ ಆದರೆ ಪ್ರತಿ ಓದಿಗೂ ಚಿಪ್ ದಾಟಿ ಹೋಗಿಬರಬೇಕು. ಡೇಟಾಬೇಸ್‌ಗೆ ಇದು ಚೆನ್ನಾಗಿಯೇ ತಟ್ಟುತ್ತದೆ.

ನಿಮ್ಮ ಅಂಕಿಗಳಿಗೆ ನಮ್ಮ ಹಂಚಿಕೆ ಹೀಗೆ. ಮೊದಲ ಸಾಕೆಟ್‌ನಲ್ಲಿ ಪ್ರೈಮರಿ, ಅಂದರೆ ಉಳಿದವನ್ನೆಲ್ಲ ನಿಯಂತ್ರಿಸುವ ಕಂಟ್ರೋಲ್ ಡೊಮೇನ್‌ಗೆ 2 ಕೋರ್, 16 ಜಿಬಿ. ಡೇಟಾಬೇಸ್‌ಗೆ ಉಳಿದ 14 ಕೋರ್, 208 ಜಿಬಿ. ಎರಡನೆಯ ಸಾಕೆಟ್‌ನಲ್ಲಿ ಎರಡನೆಯ ಸರ್ವಿಸ್ ಡೊಮೇನ್‌ಗೆ (ಪ್ರೈಮರಿಯಂತೆ ಗೆಸ್ಟ್‌ಗಳಿಗೆ ಡಿಸ್ಕ್, ನೆಟ್‌ವರ್ಕ್ ಒದಗಿಸುವುದಕ್ಕೆ) 2 ಕೋರ್, 16 ಜಿಬಿ. ಅಪ್ಲಿಕೇಶನ್‌ಗಳಿಗೆ ತಲಾ 5 ಕೋರ್, 64 ಜಿಬಿ. ಪರೀಕ್ಷೆಗೆ 2 ಕೋರ್, 32 ಜಿಬಿ. ಕೊನೆಗೆ 2 ಕೋರ್ ಮಿಗುತ್ತವೆ, ಮೆಮೊರಿ ಮೊದಲ ಕಡೆ 32 ಜಿಬಿ, ಎರಡನೆಯ ಕಡೆ 80 ಜಿಬಿ. ಮಿಕ್ಕದ್ದನ್ನು ಯಾರಿಗೂ ಕೊಡಬೇಡಿ. ಹೈಪರ್ವೈಸರ್ ತನ್ನ ಪಾಲನ್ನು ಮೊದಲೇ ತೆಗೆದುಕೊಳ್ಳುವುದರಿಂದ ಪಟ್ಟಿಯಲ್ಲಿ 512 ಪೂರ್ತಿ ಕಾಣುವುದೂ ಇಲ್ಲ. ಖಾಲಿ ಇರುವ ಕೋರ್ ಯಾವಾಗ ಬೇಕಾದರೂ ಓಡುತ್ತಿರುವ ಡೊಮೇನ್‌ಗೆ ಸೇರುತ್ತದೆ. ಕೊಟ್ಟದ್ದನ್ನು ಹಿಂದೆ ಪಡೆಯುವುದೇ ಕಷ್ಟ.

208 ಎಲ್ಲಿಂದ ಬಂತು? ಎಸ್‌ಜಿಎ 128, ಪಿಜಿಎ 32, ಸೊಲಾರಿಸ್ ಕರ್ನಲ್ ಮತ್ತು ಇತರ ಪ್ರಕ್ರಿಯೆಗಳಿಗೆ 16, ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಎಆರ್‌ಸಿ ಕ್ಯಾಶ್‌ಗೆ 16; ಒಟ್ಟು 192. ಪಿಜಿಎ ಗುರಿ ಎನ್ನುವುದು ಬರೀ ಗುರಿ, ಮಿತಿಯಲ್ಲ; ತಿಂಗಳ ಕೊನೆಯ ವರದಿಗಳ ಹೊತ್ತಿಗೆ ಅದು ದಾಟಿಯೇ ದಾಟುತ್ತದೆ. ಅದಕ್ಕೆ ಇನ್ನೊಂದು 16. ಎಆರ್‌ಸಿಯನ್ನು 16ಕ್ಕೆ ಕಟ್ಟಿಹಾಕದಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ. ಬಿಟ್ಟರೆ ಅದು ಸಿಕ್ಕಷ್ಟು ಮೆಮೊರಿ ಹಿಡಿದುಕೊಳ್ಳುವ ಸ್ವಭಾವದ್ದು.

ಸರ್ವಿಸ್ ಡೊಮೇನ್‌ಗೆ 16 ಜಿಬಿ ಸಾಕು ಎಂದದ್ದು ನಿಮ್ಮ ಡಿಸ್ಕ್‌ಗಳು ಸ್ಯಾನ್ ಲನ್‌ಗಳಾದ್ದರಿಂದ (ಸ್ಯಾನ್ ಹಂಚಿಕೊಡುವ ಡಿಸ್ಕ್ ತುಂಡುಗಳು). ಗೆಸ್ಟ್‌ಗಳ ಡಿಸ್ಕನ್ನು ಪ್ರೈಮರಿಯೊಳಗಿನ ಝಡ್‌ಎಫ್‌ಎಸ್ ವಾಲ್ಯೂಮ್‌ಗಳಾಗಿ ಮಾಡುವವರಿಗೆ ಇದು ಸಾಲದು. ಇನ್ನು ಕೋರ್ ವಿಷಯ: ಪ್ರೈಮರಿಗೆ ಒಂದೇ ಕೋರ್ ಕೊಟ್ಟು ಉಳಿಸುವ ಜಿಪುಣತನ ಬೇಡ. ಎಲ್ಲ ಗೆಸ್ಟ್‌ಗಳ ನೆಟ್‌ವರ್ಕ್ ಮತ್ತು ಡಿಸ್ಕ್ ಕೆಲಸ ಅದರ ಮೂಲಕವೇ ಹಾಯುತ್ತದೆ. ಅದು ಉಸಿರುಗಟ್ಟಿದರೆ ಡೇಟಾಬೇಸ್‌ಗೆ 14 ಕೋರ್ ಇದ್ದೂ ಪ್ರಯೋಜನವಿಲ್ಲ.

ಈಗ ಕೀಬೋರ್ಡ್. ಕಾರ್ಖಾನೆಯಿಂದ ಬಂದಾಗ ಇಡೀ ಯಂತ್ರ ಪ್ರೈಮರಿಯ ಕೈಯಲ್ಲಿರುತ್ತದೆ. ಅದನ್ನು ಬಿಡಿಸಲು ಮೊದಲು ‘ಎಲ್‌ಡಿಎಂ ಸ್ಟಾರ್ಟ್-ರೀಕಾನ್ಫ್ ಪ್ರೈಮರಿ’; ಮುಂದಿನ ಬದಲಾವಣೆಗಳು ಆಗ ರೀಬೂಟ್ ಆದಮೇಲೆ ಜಾರಿಗೆ ಬರುತ್ತವೆ. ಆಮೇಲೆ ‘ಸೆಟ್-ಕೋರ್ 2 ಪ್ರೈಮರಿ’, ‘ಸೆಟ್-ಮೆಮೊರಿ 16ಜಿ ಪ್ರೈಮರಿ’. ಈ ಮೊದಲ ಆದೇಶ ಬಿಟ್ಟು ಓಡುತ್ತಿರುವಾಗಲೇ ಸುಮಾರು 500 ಜಿಬಿ ಕಿತ್ತುಕೊಳ್ಳಲು ಹೋದರೆ ಗಂಟೆಗಟ್ಟಲೆ ಎಳೆದು ಅರ್ಧಕ್ಕೆ ನಿಲ್ಲಬಹುದು.

ಎರಡನೆಯ ಸರ್ವಿಸ್ ಡೊಮೇನ್‌ಗೆ ಕೊಡಬೇಕಾದ ಪಿಸಿಐಇ ಬಸ್‌ಗಳನ್ನು (ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳ ದಾರಿಗಳನ್ನು) ಇದೇ ಹಂತದಲ್ಲಿ ‘ರಿಮೂವ್-ಐಒ’ ಆದೇಶದಿಂದ ಬಿಡಿಸಿ. ಇಲ್ಲಿ ಒಂದು ಕ್ಷಣ ನಿಲ್ಲಿ. ಪ್ರೈಮರಿಯ ಬೂಟ್ ಡಿಸ್ಕ್ ಮತ್ತು ನೀವು ಲಾಗಿನ್ ಆಗಿರುವ ನೆಟ್‌ವರ್ಕ್ ಪೋರ್ಟ್ ಯಾವ ಬಸ್ ಮೇಲಿವೆ ಎಂದು ‘ಎಲ್‌ಡಿಎಂ ಲಿಸ್ಟ್-ಐಒ’ ಮತ್ತು ಡಿಸ್ಕ್‌ನ ಡಿವೈಸ್ ಪಾತ್ ಹೋಲಿಸಿ ಖಚಿತ ಮಾಡಿಕೊಳ್ಳಿ. ಬೂಟ್ ಡಿಸ್ಕಿನ ಬಸ್ಸನ್ನೇ ತೆಗೆದರೆ ರೀಬೂಟ್ ಆದಮೇಲೆ ಪ್ರೈಮರಿ ಏಳುವುದಿಲ್ಲ. ಆಗ ಐಲಾಮ್‌ಗೆ (ಸರ್ವಿಸ್ ಪ್ರೊಸೆಸರ್, ಅಂದರೆ ಸರ್ವರನ್ನು ಹೊರಗಿನಿಂದ ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್‌ನ ತಂತ್ರಾಂಶಕ್ಕೆ) ಹೋಗಿ ಹೋಸ್ಟ್ ಬೂಟ್‌ಮೋಡ್‌ನ ಕಾನ್ಫಿಗನ್ನು ‘ಫ್ಯಾಕ್ಟರಿ-ಡಿಫಾಲ್ಟ್’ ಎಂದು ಬದಲಿಸಿ, ಪವರ್ ರೀಸೆಟ್ ಮಾಡಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಎಲ್ಲ ಸರಿ ಎನಿಸಿದ ಮೇಲೆ ‘ಎಲ್‌ಡಿಎಂ ಆಡ್-ಎಸ್‌ಪಿಕಾನ್ಫಿಗ್’ ಕೊಟ್ಟು ಹೆಸರಿಟ್ಟು ಉಳಿಸಿ, ಆಮೇಲೆ ರೀಬೂಟ್. ಎದ್ದ ನಂತರ ವರ್ಚುವಲ್ ಡಿಸ್ಕ್ ಸರ್ವರ್, ಸ್ವಿಚ್, ಕನ್ಸೋಲ್ ಸೇವೆಗಳು, ಅನಂತರ ಎರಡನೆಯ ಸರ್ವಿಸ್ ಡೊಮೇನ್, ಅನಂತರ ಗೆಸ್ಟ್‌ಗಳು. ಗೆಸ್ಟ್‌ಗಳಲ್ಲಿ ದೊಡ್ಡದನ್ನು ಮೊದಲು ಬೈಂಡ್ ಮಾಡಿ (ಕೋರ್, ಮೆಮೊರಿಯನ್ನು ಅದರ ಹೆಸರಿಗೆ ಕಟ್ಟಿ). ಸಣ್ಣವು ಮೊದಲು ಕೂತರೆ ಎರಡೂ ಸಾಕೆಟ್‌ಗಳಲ್ಲಿ ಹರಡಿ, 14 ಕೋರ್ ಒಂದೇ ಕಡೆ ಸಿಗದೆ ಹೋಗಬಹುದು. ಬೈಂಡ್ ಆದಮೇಲೆ ‘ಎಲ್‌ಡಿಎಂ ಲಿಸ್ಟ್ -ಒ ಕೋರ್,ಮೆಮೊರಿ’ ನೋಡಿ. ಡೇಟಾಬೇಸ್ ಡೊಮೇನ್ ಬೂಟ್ ಆದಮೇಲೆ ಅದರೊಳಗೆ ‘ಪಿಎಸ್ಆರ್‌ಇನ್ಫೊ -ಪಿವಿ’ ಓಡಿಸಿದರೆ ಒಂದೇ ಭೌತಿಕ ಪ್ರೊಸೆಸರ್, 14 ಕೋರ್, 112 ವರ್ಚುವಲ್ ಪ್ರೊಸೆಸರ್, 0ರಿಂದ 111 ಎಂದು ಬರಬೇಕು. ಎರಡು ಪ್ರೊಸೆಸರ್ ತೋರಿಸಿದರೆ ಡೊಮೇನ್ ಸಾಕೆಟ್ ದಾಟಿದೆ ಎಂದರ್ಥ. ಈಗಲೇ ಅನ್‌ಬೈಂಡ್ ಮಾಡಿ ಸರಿಪಡಿಸಿ. ಕೋರ್ ನಂಬರ್‌ಗಳನ್ನೇ ಹೆಸರಿಸಿ ಕೊಡುವ ದಾರಿಯೂ ಇದೆ, ‘ಸಿಐಡಿ=’ ಎಂದು. ಆದರೆ ಒಮ್ಮೆ ಹಾಗೆ ಹೆಸರಿಸಿದರೆ ಮುಂದಿನ ಎಲ್ಲ ಬದಲಾವಣೆಯನ್ನೂ ನೀವೇ ಕೈಯಾರೆ ನೋಡಿಕೊಳ್ಳಬೇಕು. ಬೇರೆ ದಾರಿಯಿಲ್ಲದಾಗ ಮಾತ್ರ.

ಎರಡನೆಯ ಸರ್ವಿಸ್ ಡೊಮೇನ್ ಇದ್ದ ಮಾತ್ರಕ್ಕೆ ರಕ್ಷಣೆ ಬಂತು ಅಂದುಕೊಳ್ಳಬೇಡಿ. ಒಂದೇ ಲನ್ನನ್ನು ಎರಡೂ ಸರ್ವಿಸ್ ಡೊಮೇನ್‌ಗಳಿಂದ ಒಂದೇ ‘ಎಂಪಿಗ್ರೂಪ್’ ಹೆಸರಿನಲ್ಲಿ ಕೊಡಬೇಕು. ನೆಟ್‌ವರ್ಕ್‌ಗೆ ಎರಡು ಕಡೆಯಿಂದ ಒಂದೊಂದು ವಿನೆಟ್ (ವರ್ಚುವಲ್ ನೆಟ್‌ವರ್ಕ್ ಕಾರ್ಡ್) ಕೊಟ್ಟು ಗೆಸ್ಟ್ ಒಳಗೆ ಐಪಿಎಂಪಿ (ಒಂದು ದಾರಿ ಕೈಕೊಟ್ಟರೆ ಇನ್ನೊಂದಕ್ಕೆ ಹೋಗುವ ಜೋಡಿ) ಕಟ್ಟಬೇಕು. ಇದನ್ನು ಮಾಡದಿದ್ದರೆ ಪ್ರೈಮರಿ ರೀಬೂಟ್ ಆಗುವಷ್ಟು ಹೊತ್ತು ಗೆಸ್ಟ್‌ಗಳ ಡಿಸ್ಕ್ ಕೆಲಸ ಸುಮ್ಮನೆ ನಿಂತು ಕಾಯುತ್ತದೆ.

ಪ್ರಶ್ನೆ: ಇದೇ ಡೇಟಾಬೇಸ್‌ಗೆ ಲೈಸೆನ್ಸ್ ಎಷ್ಟು ಕೋರ್‌ಗೆ ಕೊಳ್ಳಬೇಕು? 32ಕ್ಕೂ ಕೇಳುತ್ತಾರೆಯೇ? — ಅದೇ ಓದುಗರು

ಡೊಮೇನನ್ನು ‘ಹಾರ್ಡ್ ಪಾರ್ಟಿಷನ್’ ಮಾಡಿದರೆ 14ಕ್ಕೆ ಸಾಕು. ಪೂರ್ತಿ ಕೋರ್‌ಗಳಲ್ಲಿ ಕೊಟ್ಟಿರಬೇಕು ಮತ್ತು ‘ಎಲ್‌ಡಿಎಂ ಸೆಟ್-ಡೊಮೇನ್ ಮ್ಯಾಕ್ಸ್-ಕೋರ್ಸ್=14’ ಎಂದು ಮಿತಿ ಹಾಕಿರಬೇಕು. ಒರಾಕಲ್‌ನ ಕೋರ್ ಫ್ಯಾಕ್ಟರ್ ಪಟ್ಟಿಯಲ್ಲಿ ಟಿ5ಗೆ 0.5, ಅಲ್ಲಿಗೆ 7 ಪ್ರೊಸೆಸರ್ ಲೈಸೆನ್ಸ್. ಮಿತಿಯನ್ನು ಡೊಮೇನ್ ನಿಲ್ಲಿಸಿ, ಅನ್‌ಬೈಂಡ್ ಮಾಡಿಯೇ ಹಾಕುವುದು, ಆದ್ದರಿಂದ ಮೊದಲ ದಿನವೇ ಹಾಕಿ. ಡೊಮೇನನ್ನು ಲೈವ್ ಮೈಗ್ರೇಷನ್‌ನಲ್ಲಿ (ಓಡುತ್ತಿರುವಾಗಲೇ ಬೇರೆ ಸರ್ವರ್‌ಗೆ) ಆಚೀಚೆ ಓಡಾಡಿಸುವ ಯೋಚನೆ ಇದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಖರೀದಿಗೆ ಮುಂಚೆ ಒಪ್ಪಂದದ ಆ ಭಾಗವನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಹದಿನೈದನೆಯ ಕೋರ್ ‘ಸ್ವಲ್ಪ ಇರಲಿ’ ಎಂದು ಸೇರಿಸುವ ಮುನ್ನ ಅದರ ಬೆಲೆ ನೆನಪಿರಲಿ. ಇದು ಹಾರ್ಡ್‌ವೇರ್ ಪ್ರಶ್ನೆಗಿಂತ ಹೆಚ್ಚಾಗಿ ದುಡ್ಡಿನ ಪ್ರಶ್ನೆ.

ಪ್ರಶ್ನೆ: ವಿಎಂಸ್ಟ್ಯಾಟ್‌ನಲ್ಲಿ ಸಿಪಿಯು 50 ಪ್ರತಿಶತ ಖಾಲಿ ಎನ್ನುತ್ತದೆ, ಬಳಕೆದಾರರು ನಿಧಾನ ಎನ್ನುತ್ತಾರೆ. ಯಾರನ್ನು ನಂಬಬೇಕು? — ಮೈಸೂರಿನ ಓದುಗರು

ಬಳಕೆದಾರರನ್ನು. ವಿಎಂಸ್ಟ್ಯಾಟ್ ಎಣಿಸುವುದು ಥ್ರೆಡ್‌ಗಳನ್ನು. ಕೋರ್‌ನ 8 ಥ್ರೆಡ್‌ಗಳಲ್ಲಿ 4 ಓಡುತ್ತಿದ್ದರೆ ಅದಕ್ಕೆ ಅದು 50 ಪ್ರತಿಶತ. ಆದರೆ ಆ ಎಂಟೂ ಒಂದೇ ಕೋರ್‌ನ ಪೈಪ್‌ಲೈನನ್ನು ಹಂಚಿಕೊಂಡಿವೆ, ಮತ್ತು ಟಿ4, ಟಿ5 ಕೋರ್ ಒಂದು ಗಡಿಯಾರ ಬಡಿತಕ್ಕೆ ಕಳಿಸುವುದು ಹೆಚ್ಚೆಂದರೆ ಎರಡು ಆದೇಶ (ಇನ್‌ಸ್ಟ್ರಕ್ಷನ್). ಲೆಕ್ಕಾಚಾರವೇ ಹೆಚ್ಚಿರುವ 4 ಥ್ರೆಡ್‌ಗಳು ಕೋರನ್ನು ಬಹುತೇಕ ಮುಗಿಸಿಬಿಡಬಲ್ಲವು. ಮೆಮೊರಿಗಾಗಿ ಕಾಯುವುದೇ ಹೆಚ್ಚಿರುವ ಕೆಲಸವಾದರೆ ಎಂಟೂ ಓಡಿದರೂ ಇನ್ನೂ ಜಾಗ ಇರುತ್ತದೆ. ಗೆಸ್ಟ್ ಒಳಗೆ ‘ಪಿಜಿಸ್ಟ್ಯಾಟ್’ ಓಡಿಸಿ. ಕೋರ್‌ನ ಪೈಪ್‌ಲೈನ್ ಎಷ್ಟು ತುಂಬಿದೆ ಎಂದು ಸಾಫ್ಟ್‌ವೇರ್ ಅಂಕಿಯ ಪಕ್ಕದಲ್ಲೇ ಹಾರ್ಡ್‌ವೇರ್ ಅಂಕಿ ಬರುತ್ತದೆ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಹಾರ್ಡ್‌ವೇರ್ ಅಂಕಿಯನ್ನೇ ಹಿಡಿದು ಕೋರ್ ಸೇರಿಸಿ. ಜತೆಗೆ ‘ಪಿಆರ್‌ಸ್ಟ್ಯಾಟ್ -ಎಂಎಲ್’ನಲ್ಲಿ ಅಪ್ಲಿಕೇಶನ್‌ನ ಒಂದೇ ಥ್ರೆಡ್ (ಹಾರ್ಡ್‌ವೇರ್ ಥ್ರೆಡ್ ಅಲ್ಲ, ಪ್ರೋಗ್ರಾಂನ ಒಂದು ಎಳೆ) 100ರ ಹತ್ತಿರ ನಿಂತಿದೆಯೇ ನೋಡಿ. ನಿಂತಿದ್ದರೆ ಹತ್ತು ಕೋರ್ ಸೇರಿಸಿದರೂ ಉಪಯೋಗವಿಲ್ಲ, ಅಪ್ಲಿಕೇಶನ್ ಬರೆದವರ ಹತ್ತಿರ ಮಾತಾಡಬೇಕು.

ಪ್ರಶ್ನೆ: ಹೊಸ ಡೊಮೇನ್ ಸ್ಟಾರ್ಟ್ ಮಾಡಿದೆ, ಇನ್ನೂ ಓಎಸ್ ಹಾಕಿಲ್ಲ. ಆದರೂ ಪಟ್ಟಿಯಲ್ಲಿ 12–13 ಪ್ರತಿಶತ ಸಿಪಿಯು ಬಳಕೆ. ಏನು ತಿನ್ನುತ್ತಿದೆ? — ಮಂಗಳೂರಿನ ಓದುಗರು

ಒಂದು ಕೋರ್, 8 ಥ್ರೆಡ್ ಕೊಟ್ಟಿದ್ದೀರಿ, ಅಲ್ಲವೇ? ಡೊಮೇನ್ ‘ಓಕೆ’ ಪ್ರಾಂಪ್ಟ್‌ನಲ್ಲಿ ನಿಂತಿದೆ. ಓಪನ್‌ಬೂಟ್ (ಓಎಸ್‌ಗೂ ಮುಂಚೆ ಓಡುವ ಬೂಟ್ ತಂತ್ರಾಂಶ) ಒಂದೇ ಥ್ರೆಡ್ ಮೇಲೆ ಕೀಲಿಗಾಗಿ ಕಾಯುತ್ತ ಸುತ್ತುತ್ತಿರುತ್ತದೆ. ಎಂಟರಲ್ಲಿ ಒಂದು, ಅಂದರೆ 12.5. ಫ್ಲ್ಯಾಗ್ ಕಾಲಂನಲ್ಲಿ ‘ಟಿ’ ಅಕ್ಷರ ಇರುತ್ತದೆ ನೋಡಿ. ಇದೇ ಅಂಕಿ ಓಡುತ್ತಿದ್ದ ಡೊಮೇನ್‌ನಲ್ಲಿ ಬೆಳಗಿನ ಜಾವ ಕಂಡರೆ ಮಾತ್ರ ಗಾಬರಿಯಾಗಿ: ಅದು ರೀಬೂಟ್ ಆಗಿ ಪ್ರಾಂಪ್ಟ್‌ನಲ್ಲೇ ಕೂತಿದೆ.

ಪ್ರಶ್ನೆ: ಅಪ್ಲಿಕೇಶನ್ ಡೊಮೇನ್‌ನಿಂದ 20 ಜಿಬಿ ಹಿಂದೆ ಪಡೆಯಲು ಹೋದರೆ ಕೇಳಿದಷ್ಟು ಬರುವುದೇ ಇಲ್ಲ. — ಬೆಳಗಾವಿಯ ಓದುಗರು

ಓಡುತ್ತಿರುವ ಡೊಮೇನ್ ಬಿಟ್ಟುಕೊಡುವುದು ತನ್ನಲ್ಲಿ ಖಾಲಿ ಇರುವುದನ್ನು ಅಥವಾ ಖಾಲಿ ಮಾಡಿಕೊಳ್ಳಬಲ್ಲದ್ದನ್ನು. ಕರ್ನಲ್ ಹಿಡಿದ ಪುಟಗಳು, ಡೇಟಾಬೇಸ್‌ಗಳು ಲಾಕ್ ಮಾಡಿಟ್ಟ ಹಂಚಿಕೆಯ ಮೆಮೊರಿ ಡಿಸ್ಕ್‌ಗೆ ಇಳಿಯುವಂಥವಲ್ಲ. ಆದ್ದರಿಂದ ಆದೇಶ ಕೊಡುವ ಮುಂಚೆ ಸಂಬಂಧಪಟ್ಟ ಪ್ರಕ್ರಿಯೆಗಳನ್ನು ಸಣ್ಣದಾಗಿಸಿ ಅಥವಾ ನಿಲ್ಲಿಸಿ, ಎಆರ್‌ಸಿಯ ಮಿತಿ ಇಳಿಸಿ. ಸೊಲಾರಿಸ್ 11.2ರಿಂದ ಈಚೆಗೆ ‘ಯೂಸರ್_ರಿಸರ್ವ್_ಹಿಂಟ್_ಪಿಸಿಟಿ’ (ಅಪ್ಲಿಕೇಶನ್‌ಗಳಿಗೆ ಕಾದಿರಿಸುವ ಮೆಮೊರಿಯ ಪಾಲು) ಏರಿಸಿದರೆ ಎಆರ್‌ಸಿ ತಾನೇ ಹಿಂದೆ ಸರಿಯುತ್ತದೆ. ಕೇಳುವ ಪ್ರಮಾಣ 256 ಎಂಬಿಯ ಗುಣಕದಲ್ಲಿರಲಿ. 20 ಜಿಬಿ ಒಟ್ಟಿಗೆ ಕೇಳುವ ಬದಲು 4 ಜಿಬಿಯಂತೆ ಐದು ಸಲ ಕೇಳಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದಾದರೂ ತಿಳಿಯುತ್ತದೆ. ನಿಂತೇಬಿಟ್ಟರೆ ‘ಎಲ್‌ಡಿಎಂ ಕ್ಯಾನ್ಸಲ್-ಆಪರೇಷನ್ ಮೆಮ್‌ಡಿಆರ್’ ಕೊಟ್ಟು ಡೊಮೇನ್ ಹೆಸರು ಹೇಳಿ ಬಿಡಿಸಿ. ಹೀಗೆ ಪದೇಪದೇ ಕಿತ್ತು ಸೇರಿಸಿದ ಮೆಮೊರಿ ತುಂಡುತುಂಡಾಗಿ, ಟಿ5ರ 2 ಜಿಬಿ ದೊಡ್ಡ ಪುಟಗಳು ಡೇಟಾಬೇಸ್‌ಗೆ ಸಿಗದಂತಾಗಬಹುದು ಎನ್ನುವುದೂ ಗೊತ್ತಿರಲಿ.

ಪ್ರಶ್ನೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬ್ಯಾಚ್ ಕೆಲಸಕ್ಕೆ ಹೆಚ್ಚು ಸಿಪಿಯು ಬೇಕು. ಸಿಪಿಯುವನ್ನು ತಾನೇ ಹೆಚ್ಚು ಕಡಿಮೆ ಮಾಡುವ ಎಲ್‌ಡಿಎಂ ಪಾಲಿಸಿ ಬರೆದರೆ ಮಧ್ಯರಾತ್ರಿ ದಾಟುವ ಸಮಯ ಒಪ್ಪುತ್ತಿಲ್ಲ. — ದಾವಣಗೆರೆಯ ಓದುಗರು

ಪಾಲಿಸಿಯ ‘ಟಿಒಡಿ-ಬಿಗಿನ್’ ಅದೇ ದಿನದ ‘ಟಿಒಡಿ-ಎಂಡ್’ಗಿಂತ ಮುಂಚಿನದಾಗಿರಬೇಕು. ಅದಕ್ಕೆ ಎರಡು ಪಾಲಿಸಿ ಬೇಕು: 22:00ರಿಂದ 23:59:59, ಮತ್ತು 00:00ರಿಂದ 06:00. ಆದರೆ ನಿಮಗೆ ಪಾಲಿಸಿ ಬೇಕೇ ಎಂಬುದೇ ನಮ್ಮ ಅನುಮಾನ. ಅದು ಸೇರಿಸುವುದು, ತೆಗೆಯುವುದು ಥ್ರೆಡ್ ಲೆಕ್ಕದಲ್ಲಿ. ನಾಲ್ಕಾರು ರಾತ್ರಿ ಕಳೆದರೆ ಕೋರ್‌ಗಳು ಮತ್ತೆ ಡೊಮೇನ್‌ಗಳ ನಡುವೆ ಹರಿದು ಹಂಚಿಹೋಗಿರುತ್ತವೆ. ಹಾರ್ಡ್ ಪಾರ್ಟಿಷನ್ ಮಾಡಿದ ಡೊಮೇನ್‌ಗೆ ಪಾಲಿಸಿ ಅನ್ವಯಿಸುವುದೂ ಇಲ್ಲ. ಸಮಯ ನಿಮಗೆ ಮೊದಲೇ ಗೊತ್ತಿದೆ. ಪ್ರೈಮರಿಯ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಆದೇಶ ಓಡಿಸುವ ಸೌಲಭ್ಯದಲ್ಲಿ) 22:00ಕ್ಕೆ ‘ಸೆಟ್-ಕೋರ್ 7’, 06:00ಕ್ಕೆ ‘ಸೆಟ್-ಕೋರ್ 5’ ಎಂದು ಎರಡು ಸಾಲು ಬರೆದರೆ ಮುಗಿಯಿತು, ಎರಡು ಕೋರ್ ಖಾಲಿ ಇದ್ದರೆ.

ಬೆಳಿಗ್ಗೆಯ ಆದೇಶ ಕೆಲವು ದಿನ ವಿಫಲವಾದರೆ ಡೊಮೇನ್ ಒಳಗೆ ಯಾರೋ ‘ಪಿಬೈಂಡ್’ ಅಥವಾ ‘ಪಿಎಸ್ಆರ್‌ಸೆಟ್’ ಬಳಸಿ ಪ್ರಕ್ರಿಯೆಯನ್ನು ಆ ಸಿಪಿಯುಗಳಿಗೆ ಕಟ್ಟಿರುತ್ತಾರೆ. ಕಟ್ಟು ಬಿಚ್ಚದೆ ಕೋರ್ ಬರುವುದಿಲ್ಲ. ಕ್ರಾನ್‌ನ ಔಟ್‌ಪುಟ್ ಎಸೆಯಬೇಡಿ, ಲಾಗ್‌ಗೆ ಹಾಕಿ.

ಪ್ರಶ್ನೆ: ಯುಪಿಎಸ್ ಕೈಕೊಟ್ಟು ಸರ್ವರ್ ಆಫ್ ಆಯಿತು. ಎದ್ದ ಮೇಲೆ ಡೊಮೇನ್‌ಗಳೇ ಇಲ್ಲ, ಪ್ರೈಮರಿಯಲ್ಲಿ ಎಲ್ಲ 256 ಸಿಪಿಯು! — ಕಲಬುರಗಿಯ ಓದುಗರು

ಡೇಟಾ ಹೋಗಿಲ್ಲ, ಸಮಾಧಾನವಾಗಿರಿ. ಗೆಸ್ಟ್‌ಗಳ ಡಿಸ್ಕ್ ಲನ್‌ಗಳಲ್ಲಿ ಹಾಗೇ ಇದೆ. ಹೋಗಿರುವುದು ಹಂಚಿಕೆಯ ಪಟ್ಟಿ. ಅದು ಸರ್ವಿಸ್ ಪ್ರೊಸೆಸರ್‌ನಲ್ಲಿ ಉಳಿಯುವುದು ‘ಆಡ್-ಎಸ್‌ಪಿಕಾನ್ಫಿಗ್’ ಕೊಟ್ಟಾಗ ಮಾತ್ರ. ಬರೀ ರೀಬೂಟ್‌ನಲ್ಲಿ ವ್ಯತ್ಯಾಸ ಕಾಣದು, ಪವರ್ ಹೋದಾಗಲೇ ಗೊತ್ತಾಗುವುದು. ನೀವು ಯಾವುದನ್ನೂ ಉಳಿಸದೆ ಇದ್ದದ್ದರಿಂದ ‘ಫ್ಯಾಕ್ಟರಿ-ಡಿಫಾಲ್ಟ್’ ಎದ್ದಿದೆ.

ಪ್ರೈಮರಿಯ ‘ವಾರ್/ಆಪ್ಟ್/ಎಸ್‌ಯುಎನ್‌ಡಬ್ಲ್ಯುಎಲ್‌ಡಿಎಂ’ ಡೈರೆಕ್ಟರಿಯಲ್ಲಿ ‘ಆಟೋಸೇವ್’ ಎಂದು ಶುರುವಾಗುವ ಹೆಸರುಗಳಿವೆಯೇ ನೋಡಿ. ಇದ್ದರೆ ‘ಆಡ್-ಎಸ್‌ಪಿಕಾನ್ಫಿಗ್ -ಆರ್’ ಬಳಸಿ ಅದರಿಂದ ಹೊಸ ಹೆಸರಿನ ಕಾನ್ಫಿಗ್ ಕಟ್ಟಿ, ‘ಲಿಸ್ಟ್-ಎಸ್‌ಪಿಕಾನ್ಫಿಗ್’ನಲ್ಲಿ ‘ನೆಕ್ಸ್ಟ್ ಪವರಾನ್’ ಗುರುತು ಅದರ ಮುಂದಿದೆ ಎಂದು ಖಚಿತ ಮಾಡಿಕೊಂಡು, ಹೋಸ್ಟನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಇನ್ನು ಮುಂದೆ ಕೋರ್ ಒಂದು ಆಚೀಚೆ ಮಾಡಿದರೂ ಕಾನ್ಫಿಗ್ ಉಳಿಸಿ, ಹೆಸರಿನಲ್ಲಿ ದಿನಾಂಕ ಇರಲಿ. ಜತೆಗೆ ‘ಲಿಸ್ಟ್-ಕನ್‌ಸ್ಟ್ರೇಂಟ್ಸ್ -ಎಕ್ಸ್’ ಕೊಟ್ಟು ಪ್ರತಿ ಡೊಮೇನ್‌ನ ಎಕ್ಸ್‌ಎಂಎಲ್ ಫೈಲನ್ನು ತೆಗೆದು, ಅದೇ ಸರ್ವರ್‌ನಲ್ಲಲ್ಲ, ಬೇರೆ ಯಂತ್ರದಲ್ಲಿಡಿ. ಸರ್ವಿಸ್ ಪ್ರೊಸೆಸರ್ ಇರುವ ಬೋರ್ಡೇ ಬದಲಾದ ದಿನ ಕೈಹಿಡಿಯುವುದು ಆ ಫೈಲ್.